ನಗುವಿಗೆ ಜಾಗ ಬಿಡಬೇಕು: ಟಿವಿ ಸಿಟ್‌ಕಾಮ್ ತಯಾರಾದ ಬಗೆ

ದಾವಣಗೆರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಹಾಸ್ಯದ ಪಾತ್ರದವನು ಒಂದು ಮಾತು ಒಗೆದು ಸುಮ್ನೆ ನಿಲ್ಲುತ್ತಾನೆ. ಹೆಗಲ ಮೇಲಿನ ಟವೆಲ್ ಒದರುತ್ತಾನೆ, ಪಂಚೆ ಸರಿ ಮಾಡಿಕೊಳ್ಳುತ್ತಾನೆ, ಎದುರಿಗಿರುವವಳ ಮುಖ ನೋಡುತ್ತಾನೆ. ಜನರ ನಗು ಏರಿ, ಇನ್ನೇನು ಇಳಿಯಬೇಕು ಅನ್ನುವಾಗ ಮುಂದಿನ ಮಾತು ಬರುತ್ತದೆ. ಬೇಗ ಬಂದರೆ ಆ ಗದ್ದಲದಲ್ಲಿ ಮಾತೇ ಕೇಳುವುದಿಲ್ಲ. ತಡವಾದರೆ ಕಾವು ಆರಿಹೋಗುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಅಂತ ಅವನಿಗೆ ಯಾರೂ ಬರೆದು ಕೊಟ್ಟಿರುವುದಿಲ್ಲ. ಎದುರಿಗೆ ಕೂತ ಜನರೇ ಅದನ್ನು ಹೇಳುತ್ತಾರೆ. ಇವತ್ತು ಎರಡು ಸೆಕೆಂಡ್ ನಿಂತ ಜಾಗದಲ್ಲಿ ನಾಳೆ ಐದು ಸೆಕೆಂಡ್ ನಿಲ್ಲಬೇಕಾಗಬಹುದು.

ಟಿವಿಯಲ್ಲಿ ಈ ಜನವೇ ಇಲ್ಲ. ಎದುರಿಗೆ ಕ್ಯಾಮೆರಾ ಇದೆ, ಲೈಟ್ ಇದೆ, ಡೈರೆಕ್ಟರ್ ಇದ್ದಾರೆ, ಸ್ಕ್ರಿಪ್ಟ್ ಹಿಡಿದ ಅಸಿಸ್ಟೆಂಟ್ ಇದ್ದಾರೆ. ಅವರಲ್ಲಿ ಯಾರೂ ನಗುವ ಹಾಗಿಲ್ಲ, ನಕ್ಕರೆ ಟೇಕ್ ಹಾಳು. ನಿಜವಾಗಿ ನೋಡುವವರು ಎಷ್ಟೋ ದಿನ ಕಳೆದ ಮೇಲೆ, ಎಲ್ಲೋ ಒಂದು ನಡುಮನೆಯಲ್ಲಿ ಕೂತು ನೋಡುತ್ತಾರೆ. ಹಾಗಾದರೆ ನಟ ಎಲ್ಲಿ ನಿಲ್ಲಬೇಕು? ಎಷ್ಟು ಹೊತ್ತು? ಸಿಟ್‌ಕಾಮ್ ಅನ್ನುವ ಕಾರ್ಯಕ್ರಮವನ್ನು ಮಾಡುವ ರೀತಿ ಬೆಳೆದು ಬಂದಿದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ. ಕ್ಯಾಮೆರಾ ಎಷ್ಟಿರಬೇಕು, ಲೈಟ್ ಎಲ್ಲಿಂದ ಬೀಳಬೇಕು, ನಗುವಿನ ಸದ್ದು ಹಾಕಬೇಕೋ ಬೇಡವೋ ಎನ್ನುವುದೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ಸಿಟ್‌ಕಾಮ್ ಅಂದರೆ ಅದೇ ಮನೆ, ಅದೇ ಜನ, ಸಲಕ್ಕೊಂದು ಹೊಸ ಫಜೀತಿ. ನಮ್ಮಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೋಡಿದವರಿಗೆಲ್ಲ ಇದು ಗೊತ್ತು. ಎಪಿಸೋಡ್ ಮುಗಿಯುವಾಗ ಎಲ್ಲವೂ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಯಾರೂ ಪಾಠ ಕಲಿಯುವುದಿಲ್ಲ, ಯಾರೂ ಬದಲಾಗುವುದಿಲ್ಲ. ಜುಗ್ಗ ಜುಗ್ಗನಾಗಿಯೇ ಇರುತ್ತಾನೆ, ಬಡಾಯಿ ಕೊಚ್ಚುವವಳು ನಾಳೆಯೂ ಕೊಚ್ಚುತ್ತಾಳೆ. ಇದನ್ನು ಬರೆಯುವವರ ಸೋಮಾರಿತನ ಅಂದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಗು ಬರುವುದೇ ನೋಡುವವರಿಗೆ ಆ ಪಾತ್ರದ ಗುಣ ಮೊದಲೇ ಗೊತ್ತಿರುವುದರಿಂದ. ಒಂದು ಸಣ್ಣ ಸೀನ್ ಬರೆದು ತೋರಿಸುತ್ತೇನೆ. ನಿವೃತ್ತರಾದ, ಕೈ ಬಿಗಿ ಹಿಡಿದು ಬದುಕುವ ಅಪ್ಪ. ಮನೆಗೆ ಬೀಗರು ಬಂದಿದ್ದಾರೆ.

ಅಪ್ಪ: ಬರ್ರಿ ಬೀಗ್ರೇ, ಬರ್ರಿ. ಊಟ ಮಾಡ್ಕೊಂಡೇ ಬಂದಿರ್ತೀರಿ, ಅಲ್ವಾ?

ಬೀಗರು: ಎಲ್ಲಿ ಊಟ! ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ನೋಡ್ರಿ.

ಅಪ್ಪ: ಅಯ್ಯೋ, ಉಪವಾಸನಾ! ಹಂಗಾದ್ರೆ ನಾನ್ಯಾಕೆ ನಿಮ್ಮ ವ್ರತ ಕೆಡಿಸ್ಲಿ?

ಅಮ್ಮ, ಒಳಗಿನಿಂದ: ರೀ, ಬೀಗ್ರಿಗೆ ಬೆಣ್ಣೆ ದೋಸೆ ತರ್ಸ್ರಿ!

ಅಪ್ಪ: ವ್ರತದಲ್ಲಿ ಬೆಣ್ಣೆ ನಡೆಯಲ್ಲ ಕಣೇ.

ಅಮ್ಮ: ಹೋದ ಸೋಮವಾರ ಅವರ ಮನೇಲಿ ಆರು ಹೋಳಿಗೆ ತಿಂದ್ರಲ್ಲ, ಅವತ್ತು ಯಾವ ವ್ರತ ಇತ್ತು?

ಈ ಮಾತುಗಳಲ್ಲಿ ಅಂಥ ಚಮತ್ಕಾರ ಏನೂ ಇಲ್ಲ. ಧಾರಾಳ ಮನುಷ್ಯನೊಬ್ಬ ಉಪವಾಸದ ಮಾತು ಆಡಿದರೆ ಅದು ಬರೀ ತಪ್ಪು ತಿಳುವಳಿಕೆ. ಜುಗ್ಗ ಆಡಿದರೆ ನಗು. ಅಪ್ಪನ ಮನಸ್ಸಿನಲ್ಲಿ ಖರ್ಚಿನ ಲೆಕ್ಕ ಓಡುತ್ತಿರುವುದು ನಮಗೆ ಕಾಣುತ್ತದೆ, ಬೀಗರಿಗೆ ಕಾಣುವುದಿಲ್ಲ. ಅಮ್ಮನ ಕೊನೆಯ ಮಾತಿಗೆ ಬಲ ಬಂದದ್ದು ಬೇರೆ ಕಾರಣಕ್ಕೆ. ನೋಡುವವರ ಬಾಯಿಗೆ ಬಂದಿದ್ದ ಮಾತನ್ನೇ ಆಕೆ ಆಡಿದಳು.

ಈಗ ಮೂರನೆಯ ಮಾತಿನ ಹತ್ತಿರ ನಿಲ್ಲೋಣ. ‘ವ್ರತ ಕೆಡಿಸ್ಲಿ’ ಅಂದ ಮೇಲೆ ನಗು ಬರಬೇಕು. ಆ ಹೊತ್ತಿನಲ್ಲಿ ನೋಡಬೇಕಾದದ್ದು ಅಪ್ಪನ ಮುಖವಲ್ಲ, ಬೀಗರ ಮುಖ. ಹಸಿದವರು, ಆದರೂ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಆ ಮುಖ ಕಂಡಾಗ ನಗು ದುಪ್ಪಟ್ಟಾಗುತ್ತದೆ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಅಮ್ಮನ ದನಿ ಒಳಗಿನಿಂದ ಬರಬೇಕು. ಅಪ್ಪನ ಮಾತಿಗೆ ಅಂಟಿಕೊಂಡೇ ಬಂದರೆ ಎರಡೂ ನಗು ಹೋದವು.

ಒಂದೇ ಕ್ಯಾಮೆರಾ ಇದ್ದರೆ ಏನಾಗುತ್ತದೆ ನೋಡಿ. ಮೊದಲು ಅಪ್ಪನ ಮಾತೆಲ್ಲ ತೆಗೆಯುತ್ತಾರೆ. ಆಮೇಲೆ ಕ್ಯಾಮೆರಾ ತಿರುಗಿಸಿ, ಲೈಟ್ ಮತ್ತೆ ಹೊಂದಿಸಿ, ಬೀಗರ ಮುಖ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ಅಪ್ಪನ ಪಾತ್ರದವರು ಕಾಫಿ ಕುಡಿಯಲು ಹೋಗಿರಬಹುದು. ಬೀಗರ ಪಾತ್ರದವರು ಗಾಳಿಗೆ ಮುಖ ಮಾಡಿ ಪೆಚ್ಚಾಗಬೇಕು. ಇಬ್ಬರ ನಡುವೆ ನಡೆಯಬೇಕಾದ್ದು ಎಡಿಟಿಂಗ್ ಟೇಬಲ್ ಮೇಲೆ ಅಂಟಿಸಿದ್ದಾಗುತ್ತದೆ. ಸಿನಿಮಾ ಮಾಡುವುದೇ ಹೀಗೆ. ದುಃಖ, ಸಿಟ್ಟು, ಪ್ರೀತಿ ಎಲ್ಲಕ್ಕೂ ಇದು ನಡೆಯುತ್ತದೆ. ಹಾಸ್ಯಕ್ಕೂ ನಡೆಯುತ್ತದೆ, ಆದರೆ ಕಷ್ಟಪಟ್ಟು.

ಇದಕ್ಕೆ ದಾರಿ ತೋರಿಸಿದ್ದು ಅಮೆರಿಕದ ‘ಐ ಲವ್ ಲೂಸಿ’. 1951ರ ಅಕ್ಟೋಬರ್ 15ಕ್ಕೆ ಸಿಬಿಎಸ್ ಚಾನೆಲ್‌ನಲ್ಲಿ ಶುರುವಾಗಿ 1957ರವರೆಗೆ ನಡೆಯಿತು. ಮೊದಲ ಸಿಟ್‌ಕಾಮ್ ಅದಲ್ಲ. ಆದರೆ ಸಿಟ್‌ಕಾಮ್ ಹೇಗೆ ಮಾಡಬೇಕು ಅನ್ನುವುದನ್ನು ಅಲ್ಲಿಂದಲೇ ಎಲ್ಲರೂ ಕಲಿತರು. ಅದು ತಯಾರಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅದರಲ್ಲಿ ಲೂಸಿಯ ಪಾತ್ರ ಮಾಡಿದ ಲೂಸಿಲ್ ಬಾಲ್ ಅದಕ್ಕೆ ಮೊದಲು ರೇಡಿಯೋದಲ್ಲಿ ಒಂದು ಹಾಸ್ಯ ಕಾರ್ಯಕ್ರಮ ಮಾಡುತ್ತಿದ್ದರು. ಗಂಡ-ಹೆಂಡತಿಯ ಕಥೆ. ರೇಡಿಯೋ ಆದರೂ ಸ್ಟುಡಿಯೋದಲ್ಲಿ ಜನ ಕೂತಿರುತ್ತಿದ್ದರು. ಅವರ ನಗು ಕೇಳಿ ಆಕೆ ಮಾತು ನಿಲ್ಲಿಸುವುದು, ಎತ್ತುವುದು ರೂಢಿಯಾಗಿತ್ತು. ಅದನ್ನೇ ಟಿವಿಗೆ ತರೋಣ ಅಂತ ಸಿಬಿಎಸ್ ಕೇಳಿತು. ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು ಅಂತ ಆಕೆ ಹಟ ಹಿಡಿದರು. ಗಂಡ ಡೆಸಿ ಅರ್ನಾಜ್ ಕ್ಯೂಬಾದವರು, ಬ್ಯಾಂಡ್ ನಡೆಸುತ್ತಿದ್ದ ಹಾಡುಗಾರ. ಅಮೆರಿಕದ ಹೆಂಗಸಿಗೆ ಕ್ಯೂಬಾದ ಗಂಡ ಅಂದರೆ ಜನ ಒಪ್ಪುವುದಿಲ್ಲ ಅಂತ ಚಾನೆಲ್‌ನವರು ತಲೆ ಅಲ್ಲಾಡಿಸಿದರು. ವಾದ ಮಾಡುವ ಬದಲು ಇಬ್ಬರೂ 1950ರಲ್ಲಿ ಒಂದು ಸ್ಟೇಜ್ ಷೋ ಕಟ್ಟಿಕೊಂಡು ಊರೂರು ತಿರುಗಿದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಚಾನೆಲ್ ಒಪ್ಪಿತು.

ನನಗೆ ಈ ಭಾಗ ತುಂಬಾ ಇಷ್ಟ. ಟಿವಿಯ ಅಷ್ಟು ದೊಡ್ಡ ಸಿಟ್‌ಕಾಮ್‌ಗೆ ಮೊದಲ ಪರೀಕ್ಷೆ ನಡೆದದ್ದು ಊರೂರಿನ ರಂಗಮಂದಿರಗಳಲ್ಲಿ. ನಮ್ಮ ಕಂಪನಿಗಳು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಾ ನಾಟಕ ತಿದ್ದಿಕೊಳ್ಳುವ ರೀತಿಯಲ್ಲೇ.

ಮುಂದಿನ ತಕರಾರು ಜಾಗದ್ದು. ಆಗ ಅಮೆರಿಕದ ಟಿವಿ ಕಾರ್ಯಕ್ರಮ ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರ ಪ್ರಸಾರ. ದೂರದ ಊರುಗಳಿಗೆ ಕಳಿಸಲು ಟಿವಿ ಪರದೆಯ ಎದುರೇ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರ ಹಿಡಿಯುತ್ತಿದ್ದರು. ಆ ಚಿತ್ರ ಮಸುಕು ಮಸುಕು. ಕಾರ್ಯಕ್ರಮಕ್ಕೆ ದುಡ್ಡು ಹಾಕುತ್ತಿದ್ದ ಫಿಲಿಪ್ ಮೋರಿಸ್ ಸಿಗರೇಟ್ ಕಂಪನಿಗೆ ನ್ಯೂಯಾರ್ಕ್ ಬೇಕಿತ್ತು. ಗಂಡ ಹೆಂಡತಿಗೆ ಹಾಲಿವುಡ್ ಬಿಡಲು ಮನಸ್ಸಿಲ್ಲ. ಕೊನೆಗೆ ಅವರು ಹೇಳಿದ್ದು, ಸಿನಿಮಾದ ಹಾಗೆ 35 ಎಂಎಂ ಫಿಲ್ಮಿನಲ್ಲಿ ಇಲ್ಲೇ ತೆಗೆಯುತ್ತೇವೆ, ದೇಶಕ್ಕೆಲ್ಲ ಒಂದೇ ಥರ ಸ್ಪಷ್ಟ ಚಿತ್ರ ಹೋಗಲಿ ಅಂತ. ಅದಕ್ಕೆ ಖರ್ಚು ಜಾಸ್ತಿ. ನಮ್ಮ ಸಂಬಳ ಕಡಿಮೆ ಮಾಡಿ, ಆದರೆ ತಯಾರಾದ ಫಿಲ್ಮಿನ ಹಕ್ಕು ನಮಗಿರಲಿ ಎಂದರು. ಒಮ್ಮೆ ಪ್ರಸಾರವಾದ ಕಾರ್ಯಕ್ರಮವನ್ನು ಮತ್ತೆ ಯಾರು ನೋಡುತ್ತಾರೆ ಅಂತ ಆಗಿನ ಎಣಿಕೆ. ಹಕ್ಕು ಸುಲಭವಾಗಿ ಸಿಕ್ಕಿತು. ಮುಂದೆ ಅದೇ ಹಳೆಯ ಎಪಿಸೋಡ್‌ಗಳನ್ನು ಸಿಬಿಎಸ್ ದೊಡ್ಡ ಮೊತ್ತ ಕೊಟ್ಟು ಕೊಂಡುಕೊಂಡಿತು. ಮರುಪ್ರಸಾರದಿಂದ ದುಡ್ಡು ಬರುತ್ತದೆ ಅನ್ನುವುದು ಟಿವಿ ಲೋಕಕ್ಕೆ ಗಟ್ಟಿಯಾಗಿ ಗೊತ್ತಾದದ್ದು ಆಗಲೇ.

ಆದರೆ ಫಿಲ್ಮಿನಲ್ಲಿ ತೆಗೆಯುವುದು ಅಂದರೆ ಮತ್ತೆ ಅದೇ ಒಂದು ಕ್ಯಾಮೆರಾ, ಖಾಲಿ ಸ್ಟುಡಿಯೋ. ಲೂಸಿಲ್ ಬಾಲ್‌ಗೆ ಎದುರಿಗೆ ಜನ ಬೇಕೇ ಬೇಕು. ಹಾಗಾಗಿ ಒಂದೇ ಸಲಕ್ಕೆ ಮೂರು ಫಿಲ್ಮ್ ಕ್ಯಾಮೆರಾ ಓಡಿಸುವುದು, ನಾಟಕದ ಹಾಗೆ ಮೊದಲಿನಿಂದ ಕೊನೆಯವರೆಗೆ ಸೀನ್ ಬಿಡದೆ ಆಡುವುದು, ಎದುರಿಗೆ ಸುಮಾರು 300 ಜನರನ್ನು ಕೂರಿಸುವುದು ಅಂತ ತೀರ್ಮಾನವಾಯಿತು. ಸಿನಿಮಾ ಸ್ಟುಡಿಯೋಗೆ ಪ್ರೇಕ್ಷಕರು ಬರುವ ಏರ್ಪಾಡೇ ಇರುವುದಿಲ್ಲವಲ್ಲ. ಬೀದಿ ಕಡೆಯಿಂದ ಅವರು ಬರಲು ಗೋಡೆ ಒಡೆದು ಬಾಗಿಲು ಇಡಿಸಬೇಕಾಯಿತು.

ಬಾಗಿಲಿಗಿಂತ ದೊಡ್ಡ ತಲೆನೋವು ಬೆಳಕು. ಸಿನಿಮಾದಲ್ಲಿ ಒಂದೊಂದು ಶಾಟಿಗೂ ಬೇರೆ ಬೇರೆ ಲೈಟ್ ಇಡುತ್ತಾರೆ. ಮೂರು ಕ್ಯಾಮೆರಾ ಮೂರು ಕಡೆಯಿಂದ ಒಟ್ಟಿಗೆ ನೋಡುತ್ತಿದ್ದರೆ ಒಂದಕ್ಕೆ ಸರಿಯಾದ ಲೈಟ್ ಇನ್ನೊಂದಕ್ಕೆ ಅಡ್ಡ. ನೆಲದ ಮೇಲೆ ಸ್ಟ್ಯಾಂಡ್ ಇಟ್ಟರೆ ಚಿತ್ರದಲ್ಲಿ ಕಾಣುತ್ತದೆ, ವೈರ್ ಹರಡಿದರೆ ಕ್ಯಾಮೆರಾ ತಳ್ಳುವ ಹಾಗಿಲ್ಲ. ಇದನ್ನು ಬಿಡಿಸಲು ಕಾರ್ಲ್ ಫ್ರಾಯಿಂಡ್ ಅವರನ್ನು ಕರೆಸಿದರು. ಜರ್ಮನಿಯ ‘ಮೆಟ್ರೋಪೊಲಿಸ್’ ಸಿನಿಮಾಕ್ಕೆ ಕ್ಯಾಮೆರಾ ಹಿಡಿದಿದ್ದ, ಆಸ್ಕರ್ ಗೆದ್ದಿದ್ದ ದೊಡ್ಡ ಛಾಯಾಗ್ರಾಹಕ. ನೆರಳು ಬೆಳಕಿನ ಆಟಕ್ಕೆ ಹೆಸರಾದ ಮನುಷ್ಯ ಇಲ್ಲಿ ನೆರಳೇ ಬೀಳದಂತೆ ಬೆಳಕು ಹೊಂದಿಸಬೇಕಿತ್ತು. ಲೈಟ್‌ಗಳನ್ನೆಲ್ಲ ಮೇಲೆ ತೂಗುಹಾಕಿ, ಇಡೀ ಸೆಟ್ಟಿಗೆ ಸಮನಾಗಿ ಬೆಳಕು ಚೆಲ್ಲುವಂತೆ ಮಾಡಿದರು. ಸೆಟ್ಟಿನ ಗೋಡೆ, ಸಾಮಾನುಗಳಿಗೆ ಬೂದು ಬಣ್ಣದ ಹಲವು ಛಾಯೆ ಬಳಿಸಿದರು, ಕಪ್ಪು-ಬಿಳುಪಿನಲ್ಲಿ ಎಲ್ಲಿಂದ ನೋಡಿದರೂ ಒಂದೇ ಹದದಲ್ಲಿ ಕಾಣಲಿ ಅಂತ. ಇವತ್ತಿಗೂ ಸಿಟ್‌ಕಾಮ್ ಮನೆಗಳು ಯಾಕೆ ಇಷ್ಟೊಂದು ಬೆಳಕಾಗಿ, ಮೂಲೆ ಮೂಲೆಯೂ ಕಾಣುವಂತೆ ಇರುತ್ತವೆ ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲಿದೆ. ನಟ ಎಲ್ಲಿ ನಿಂತರೂ ಬೆಳಕು ಇರಬೇಕು. ಆಗಲೇ ಅವನು ಜನರ ನಗುವಿಗೆ ತಕ್ಕಂತೆ ಒಂದು ಹೆಜ್ಜೆ ಆಚೀಚೆ ಆಡಬಹುದು.

ಮೂರು ಕ್ಯಾಮೆರಾದ ಫಿಲ್ಮನ್ನು ಒಟ್ಟಿಗೆ ಇಟ್ಟು ನೋಡಿ ಎಡಿಟ್ ಮಾಡಲು ಹೊಸ ಮೆಷಿನ್ನೇ ಬೇಕಾಯಿತು. ಕೆಲಸದವರು ಅದಕ್ಕೆ ‘ಮೂರು ತಲೆಯ ರಾಕ್ಷಸ’ ಅಂತ ಹೆಸರಿಟ್ಟರು. ಎಡಿಟರ್ ಅಲ್ಲಿ ಕೂತು ಯಾವ ಕ್ಷಣಕ್ಕೆ ಮಾತಾಡುವವರ ಮುಖ, ಯಾವ ಕ್ಷಣಕ್ಕೆ ಕೇಳುವವರ ಮುಖ ಅಂತ ಆರಿಸುತ್ತಿದ್ದರು. ನಮ್ಮ ಬೀಗರ ಸೀನನ್ನು ಹೀಗೆ ತೆಗೆದಿದ್ದರೆ, ಅಪ್ಪನ ಮಾತು ಕೇಳಿ ಬೀಗರು ನಿಜವಾಗಿ ಪೆಚ್ಚಾದ ಆ ಗಳಿಗೆಯೇ ಎರಡನೆಯ ಕ್ಯಾಮೆರಾದಲ್ಲಿ ಸಿಕ್ಕಿರುತ್ತಿತ್ತು.

ಈ ವಿಧಾನದ ಫಲ ನೋಡಬೇಕಾದರೆ 1952ರ ಚಾಕೊಲೇಟ್ ಫ್ಯಾಕ್ಟರಿ ಎಪಿಸೋಡ್ ನೋಡಬೇಕು. ಲೂಸಿ ಮತ್ತು ಗೆಳತಿ ಎಥೆಲ್‌ಗೆ ಕೆಲಸ ಸಿಕ್ಕಿದೆ. ಓಡುವ ಬೆಲ್ಟಿನ ಮೇಲೆ ಬರುವ ಚಾಕೊಲೇಟುಗಳನ್ನು ಒಂದೂ ಬಿಡದೆ ಕಾಗದದಲ್ಲಿ ಸುತ್ತಬೇಕು. ಮೊದಲು ಬೆಲ್ಟ್ ನಿಧಾನ. ಇಬ್ಬರೂ ಇದೇನು ಮಹಾ ಅನ್ನುವ ಹಾಗೆ ಸುತ್ತುತ್ತಾರೆ. ವೇಗ ಸ್ವಲ್ಪ ಏರುತ್ತದೆ. ಒಂದೆರಡು ತಪ್ಪುತ್ತವೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ಇನ್ನೂ ಏರುತ್ತದೆ. ಟೋಪಿಯೊಳಗೆ, ಅಂಗಿಯೊಳಗೆ ತುರುಕುತ್ತಾರೆ. ಮೇಲ್ವಿಚಾರಕಿ ಬಂದು ಬೆಲ್ಟ್ ಖಾಲಿ ಇರುವುದನ್ನು ನೋಡಿ, ಭೇಷ್ ಅಂದುಕೊಂಡು, ಇನ್ನೂ ಜೋರು ಮಾಡಿಸುತ್ತಾಳೆ. ಮಾತು ತೀರಾ ಕಡಿಮೆ. ಆದರೂ ಪ್ರೇಕ್ಷಕರ ನಗು ಅಲೆ ಅಲೆಯಾಗಿ ಏರುವುದು ಕೇಳುತ್ತದೆ. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ, ಒಂದು ನಗು ತಗ್ಗುವಾಗಲೇ ಆಕೆ ಮುಂದಿನ ಚಾಕೊಲೇಟಿಗೆ ಕೈ ಹಾಕುತ್ತಾರೆ. ಜನ ಇಲ್ಲದೆ ಈ ಲಯ ಸಿಗುವುದಿಲ್ಲ. ಮತ್ತೆ ಮತ್ತೆ ಟೇಕ್ ತೆಗೆದುಕೊಂಡರೂ ಸಿಗುವುದಿಲ್ಲ, ಯಾಕಂದರೆ ಜನ ಮನಸಾರೆ ನಗುವುದು ಮೊದಲ ಸಲ ಮಾತ್ರ. ಹಾಗಾಗಿಯೇ ವಾರವಿಡೀ ಪ್ರಾಕ್ಟೀಸ್ ಮಾಡಿ, ಜನರ ಎದುರು ಆದಷ್ಟು ನಿಲ್ಲಿಸದೆ ಒಂದೇ ಓಟದಲ್ಲಿ ಆಡುತ್ತಿದ್ದರು.

ಎಲ್ಲರಿಗೂ ಜನರನ್ನು ಕೂರಿಸುವಷ್ಟು ಅನುಕೂಲ ಇರಲಿಲ್ಲ. ಅಲ್ಲಿಗೆ ಬಂತು ಡಬ್ಬದ ನಗು. ಸಿಬಿಎಸ್‌ನಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದ ಚಾರ್ಲಿ ಡಗ್ಲಾಸ್ 1950ರ ದಶಕದ ಆರಂಭದಲ್ಲಿ ಒಂದು ಪೆಟ್ಟಿಗೆ ಮಾಡಿದರು. ಒಳಗೆ ಟೇಪಿನ ಸುರುಳಿಗಳು, ಹೊರಗೆ ಟೈಪ್‌ರೈಟರಿನಂಥ ಕೀಲಿಗಳು. ಒಂದು ಕೀಲಿ ಒತ್ತಿದರೆ ಗಂಡಸಿನ ಗಹಗಹ ನಗು, ಇನ್ನೊಂದಕ್ಕೆ ಹೆಂಗಸಿನ ಕಿಲಕಿಲ, ಮತ್ತೊಂದಕ್ಕೆ ಇಡೀ ಸಭೆಯ ನಗು. ಎಷ್ಟು ಹೊತ್ತು ನಗಬೇಕು ಅನ್ನುವುದಕ್ಕೆ ಕಾಲಿನ ಪೆಡಲ್. ಪೆಟ್ಟಿಗೆಗೆ ಬೀಗ ಹಾಕಿಕೊಂಡು ಸ್ಟುಡಿಯೋದಿಂದ ಸ್ಟುಡಿಯೋಗೆ ಹೋಗುತ್ತಿದ್ದರು. ಒಳಗೇನಿದೆ ಅಂತ ಯಾರಿಗೂ ತೋರಿಸುತ್ತಿರಲಿಲ್ಲ. ಮುಂದೆ ಎಷ್ಟೋ ವರ್ಷ ಅಮೆರಿಕದ ಟಿವಿಯಲ್ಲಿ ಕೇಳಿದ ನಗುವಿನ ದೊಡ್ಡ ಪಾಲು ಇವರ ಕೈಬೆರಳಿನಿಂದ ಬಂದದ್ದು. ನಾನು ಇದನ್ನು ಬರೀ ಮೋಸ ಅನ್ನುವುದಿಲ್ಲ. ಆ ಮನುಷ್ಯನಿಗೆ ನಗುವಿನ ಏರಿಳಿತ ಎಷ್ಟು ಚೆನ್ನಾಗಿ ಗೊತ್ತಿರಬೇಕು ಯೋಚಿಸಿ. ಆದರೂ ಸಪ್ಪೆ ಮಾತಿನ ಮೇಲೆ ದೊಡ್ಡ ನಗು ಹಾಕಿದಾಗ, ಬಡಿಸುವವರೇ ಊಟ ರುಚಿಯಾಗಿದೆ ಅಂತ ತಲೆದೂಗಿದ ಹಾಗಿರುತ್ತದೆ.

ಈ ನಗು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಅನ್ನುವ ಜಗಳ ‘ಮ್ಯಾಶ್’ ಕಾರ್ಯಕ್ರಮದಲ್ಲಿ ಜೋರಾಯಿತು. 1972ರಿಂದ 1983ರವರೆಗೆ ನಡೆದ ಇದು ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ. ಮಾಡಿದವರಿಗೆ ನಗುವಿನ ಸದ್ದು ಬೇಡವಾಗಿತ್ತು, ಚಾನೆಲ್‌ಗೆ ಬೇಕಿತ್ತು. ಕೊನೆಗೆ ರಾಜಿ ಆಯಿತು. ಬೇರೆ ಕಡೆ ನಗು ಇರಲಿ, ಆಪರೇಷನ್ ಥಿಯೇಟರಿನ ಸೀನಿನಲ್ಲಿ ಮಾತ್ರ ಬೇಡ. ಬ್ರಿಟನ್ನಿನಲ್ಲಿ ಬಿಬಿಸಿ ಇದನ್ನು ನಗುವಿನ ಸದ್ದಿಲ್ಲದೆಯೇ ತೋರಿಸಿತು. ಒಂದೇ ಕಾರ್ಯಕ್ರಮ, ಎರಡು ದೇಶದಲ್ಲಿ ಎರಡು ಥರ. ಸದ್ದು ತೆಗೆದಾಗ ಅದೇ ಮಾತುಗಳಲ್ಲಿ ನೋವು ಜಾಸ್ತಿ ಕಾಣುತ್ತದೆ.

2001ರಲ್ಲಿ ಬ್ರಿಟನ್ನಿನ ‘ದಿ ಆಫೀಸ್’ ಇನ್ನೊಂದು ದಾರಿ ಹಿಡಿಯಿತು. ಅದು ಸಾಕ್ಷ್ಯಚಿತ್ರದ ಹಾಗೆ ಕಾಣುವ ಕಾರ್ಯಕ್ರಮ. ನಗುವಿನ ಸದ್ದಿಲ್ಲ. ಯಾರಾದರೂ ಮುಜುಗರದ ಮಾತಾಡಿದರೆ ಪಕ್ಕದವರು ಥಟ್ಟನೆ ಕ್ಯಾಮೆರಾ ಕಡೆ ನೋಡುತ್ತಾರೆ. ನೋಡಿದ್ರಾ ಇವರನ್ನ, ಅನ್ನುವ ನೋಟ. ಕಂಪನಿ ನಾಟಕದ ಹಾಸ್ಯನಟ ಸಭೆಯ ಕಡೆ ತಿರುಗಿ ಹುಬ್ಬು ಹಾರಿಸುತ್ತಾನಲ್ಲ, ಅದೇ ಇದು. ನಗುವಿಗೆ ಬಿಡಬೇಕಾದ ಜಾಗ ಆ ನೋಟದಲ್ಲಿ ಸಿಕ್ಕಿಬಿಟ್ಟಿತು.

ನಮ್ಮ ದೇಶಕ್ಕೆ ಬಂದರೆ 1984 ದೊಡ್ಡ ವರ್ಷ. ದೂರದರ್ಶನದಲ್ಲಿ ‘ಯೇ ಜೋ ಹೈ ಜಿಂದಗಿ’ ಬಂತು. ಬರೆದವರು ಹಿಂದಿಯ ಹೆಸರಾಂತ ವಿಡಂಬನಕಾರ ಶರದ್ ಜೋಶಿ. ಶಫಿ ಇನಾಂದಾರ್, ಸ್ವರೂಪ್ ಸಂಪತ್, ರಾಕೇಶ್ ಬೇಡಿ ಮನೆಯವರು. ಸತೀಶ್ ಶಾ ಮಾತ್ರ ವಾರಕ್ಕೊಂದು ಹೊಸ ಪಾತ್ರದಲ್ಲಿ ಬರುತ್ತಿದ್ದರು. ಇದು ಬಹಳ ಜಾಣ ಉಪಾಯ. ಮನೆಯವರು ಬದಲಾಗುವ ಹಾಗಿಲ್ಲ, ಹೊಸತನವೂ ಬೇಕು. ಹೊರಗಿನಿಂದ ಬರುವವನನ್ನು ಬದಲಾಯಿಸಿದರು. ಆ ಹೊರಗಿನವನೂ ಜನಕ್ಕೆ ಪರಿಚಿತ ಮುಖವೇ ಆದ್ದರಿಂದ, ಈ ಸಲ ಯಾವ ವೇಷವಪ್ಪಾ ಅನ್ನುವ ಕುತೂಹಲ ಬೇರೆ.

ಕನ್ನಡದಲ್ಲಿ ದೂರದರ್ಶನದ ಕಾಲದಲ್ಲೇ ಹಾಸ್ಯ ಧಾರಾವಾಹಿಗಳು ಬಂದವು. ‘ಸಿಹಿಕಹಿ’ ಅನ್ನುವ ಧಾರಾವಾಹಿ ಎಷ್ಟು ಮನೆಮಾತಾಯಿತು ಅಂದರೆ ಅದರ ಹೆಸರು ಚಂದ್ರು ಮತ್ತು ಗೀತಾ ಇಬ್ಬರಿಗೂ ಅಂಟಿಕೊಂಡಿತು. 2000ದ ಕೊನೆಯಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ ಅದೇ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಬಂತು. ಚಿದಾನಂದ್ ಪಾಂಡು, ಶಾಲಿನಿ ಅವನ ಹೆಂಡತಿ ಶ್ರೀಮತಿ. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಅವರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿ ಅವರ ಸಮಾಜ ಸೇವಕಿ ಲಲಿತಾಂಬ. ಆ ಹೊತ್ತಿಗೆ ನಮ್ಮ ಕಡೆ ಊಟಕ್ಕೆ ಕೂರುವ ಸಮಯವೇ ಬದಲಾದ ಮನೆಗಳಿದ್ದವು.

ಆದರೆ ನಮ್ಮವರ ಕಷ್ಟ ಬೇರೆ ಥರದ್ದು. ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ ಹೆಸರು ಕೇಳಿರಬಹುದು. ಜಾನ್ ಕ್ಲೀಸ್ ಮತ್ತು ಕೋನಿ ಬೂತ್ ಇಬ್ಬರೇ ಕೂತು ಬರೆದರು. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಎಪಿಸೋಡ್. ಅಷ್ಟೇ. ‘ಐ ಲವ್ ಲೂಸಿ’ ಮೊದಲ ವರ್ಷ 35 ಎಪಿಸೋಡ್ ಮಾಡಿತು. ನಮ್ಮಲ್ಲಿ ವಾರಕ್ಕೆ ಐದು ದಿನ ಅಂದರೆ ವರ್ಷಕ್ಕೆ 260. ಬರೆಯುವವರು ಒಬ್ಬರೋ ಇಬ್ಬರೋ. ವಾರವಿಡೀ ಪ್ರಾಕ್ಟೀಸ್, ಎದುರಿಗೆ ಪ್ರೇಕ್ಷಕರು ಅನ್ನುವುದೆಲ್ಲ ಇಲ್ಲಿ ಕನಸು. ಸ್ಕ್ರಿಪ್ಟ್ ಕೈಗೆ ಬಂದ ದಿನವೇ ಆಡಿ ಮುಗಿಸಬೇಕು ಅನ್ನುವ ಒತ್ತಡ.

ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ನಮ್ಮ ಧಾರಾವಾಹಿಗಳ ರೂಪ ಅರ್ಥವಾಗುತ್ತದೆ. ಒಂದೇ ಮನೆಯಲ್ಲಿ ಎಲ್ಲ ನಡೆಯುವುದು ಯಾಕೆ? ಲೈಟ್ ಮತ್ತೆ ಮತ್ತೆ ಹೊಂದಿಸುವಷ್ಟು ಸಮಯ ಇಲ್ಲ. ಪ್ರತಿ ಪಾತ್ರಕ್ಕೂ ಒಂದು ತಕಿಯಾ ಕಲಾಮ್, ಅಂದರೆ ಮತ್ತೆ ಮತ್ತೆ ಆಡುವ ಒಂದೇ ಮಾತು, ಯಾಕೆ? ಜನ ಅದಕ್ಕಾಗಿ ಕಾದಿರುತ್ತಾರೆ, ನಗು ಎಲ್ಲಿ ಬೀಳುತ್ತದೆ ಅಂತ ನಟರಿಗೆ ಮೊದಲೇ ಗೊತ್ತಿರುತ್ತದೆ. ಎದುರಿಗೆ ಜನ ಇಲ್ಲದಿದ್ದರೂ ಅಲ್ಲಿ ಧೈರ್ಯವಾಗಿ ನಿಲ್ಲಬಹುದು. ಮಾತು ಮುಗಿದ ತಕ್ಷಣ ‘ಟೊಂಯ್’ ಅನ್ನುವ ಸದ್ದು ಹಾಕುವುದೂ ನಗುವಿಗೆ ಜಾಗ ಮಾಡಿಕೊಡುವ ಪ್ರಯತ್ನವೇ. ಒಮ್ಮೊಮ್ಮೆ ಅದು ಕೆಲಸ ಮಾಡುತ್ತದೆ. ಮಾತಿಗೊಮ್ಮೆ ಹಾಕಿದರೆ ಕಿವಿ ಬೇಸರಪಡುತ್ತದೆ. ಇಷ್ಟು ಒತ್ತಡದಲ್ಲೂ ಆ ನಟರ ಟೈಮಿಂಗ್ ಅಷ್ಟು ಕರಾರುವಾಕ್ಕಾಗಿತ್ತಲ್ಲ, ಅದಕ್ಕೆ ನಾವು ಸಲ್ಲಿಸಬೇಕಾದಷ್ಟು ಮರ್ಯಾದೆ ಇನ್ನೂ ಸಲ್ಲಿಸಿಲ್ಲ ಅಂತ ನನ್ನ ಭಾವನೆ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ‘ಪಾಪ ಪಾಂಡು’ ಮತ್ತೆ ಬಂದಾಗ ಜನ ಅದೇ ಗಂಡ ಹೆಂಡತಿಯನ್ನು ಅದೇ ಸಲಿಗೆಯಿಂದ ಬರಮಾಡಿಕೊಂಡರು.

ಈಗ ದಾವಣಗೆರೆಯ ಮಾತಿಗೆ ಬರುತ್ತೇನೆ. ಇದು ವೃತ್ತಿ ರಂಗಭೂಮಿಯ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಆ ಕಂಪನಿಯವರು. ದುಗ್ಗಮ್ಮನ ಜಾತ್ರೆ ಬಂದರೆ ನಾಟಕ ಇರಲೇಬೇಕು ಅನ್ನುವ ಜನ ನಾವು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಬೇರೆ ಥರದ ರಂಗಭೂಮಿ ಇದೆ. ಅಲ್ಲಿನ ಶಿವಸಂಚಾರ 1997ರಿಂದ ಪ್ರತಿ ವರ್ಷ ನಾಟಕಗಳನ್ನು ಕಟ್ಟಿಕೊಂಡು ನಾಡು ಸುತ್ತುತ್ತದೆ. ಒಂದೇ ಮಾತನ್ನು ಊರಿನಿಂದ ಊರಿಗೆ ಆಡಿ, ಎಲ್ಲಿ ನಗು ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ಮೈಯಲ್ಲೇ ಬರೆದುಕೊಂಡ ನಟರು ನಮ್ಮ ಸುತ್ತಮುತ್ತ ಎಷ್ಟೊಂದು ಜನ ಇದ್ದಾರೆ.

ಕಂಪನಿ ನಾಟಕದಲ್ಲಿ ಹಾಸ್ಯದ ಸೀನಿಗೆ ಇನ್ನೊಂದು ಕೆಲಸವೂ ಇತ್ತು. ಹಿಂದೆ ಅರಮನೆಯ ಸೆಟ್ ತೆಗೆದು ಕಾಡಿನ ಸೆಟ್ ಹಾಕುವವರೆಗೆ ಮುಂದೆ ಬೀದಿಯ ಪರದೆ ಬಿಟ್ಟು ಹಾಸ್ಯದವರನ್ನು ಕಳಿಸುತ್ತಿದ್ದರು. ಹಿಂದೆ ಕೆಲಸ ತಡವಾದರೆ ಸೀನ್ ಉದ್ದ, ಬೇಗ ಮುಗಿದರೆ ಗಿಡ್ಡ. ಅಂದರೆ ಕಥೆ ಇಲ್ಲದೆ, ಬರೀ ಗುಣದ ಬಲದಿಂದ, ಎರಡೇ ಪಾತ್ರ ಇಟ್ಟುಕೊಂಡು ಜನರನ್ನು ಹಿಡಿದಿಡುವ ವಿದ್ಯೆ ಅವರಿಗೆ ಬರಲೇಬೇಕಿತ್ತು. ನಾಟಕದ ಮುಖ್ಯ ಕಥೆಯಲ್ಲಿ ಎಲ್ಲರೂ ಬದಲಾಗುತ್ತಾರೆ. ಹಾಸ್ಯದ ಜೋಡಿ ಮಾತ್ರ ಮೊದಲ ಸೀನಿನಿಂದ ಕೊನೆಯವರೆಗೆ ಹಾಗೇ ಇರುತ್ತದೆ. ಸಿಟ್‌ಕಾಮ್‌ನ ಮೂಲ ನಿಯಮವೂ ಅದೇ ತಾನೇ.

ಈಗ ಊರಿನ ಹುಡುಗ ಹುಡುಗಿಯರು ಮೊಬೈಲಿನಲ್ಲೇ ಕಾಮಿಡಿ ಎಪಿಸೋಡ್ ತೆಗೆದು ಯೂಟ್ಯೂಬಿಗೆ ಹಾಕುತ್ತಾರೆ. ಬರವಣಿಗೆ ಚುರುಕಾಗಿದೆ, ಮಾತು ನಮ್ಮ ಕಡೆಯ ಮಾತೇ. ಎಡವುವುದು ಒಂದೇ ಕಡೆ. ವಿಡಿಯೋ ಉದ್ದವಾದರೆ ಜನ ಬಿಟ್ಟು ಹೋಗುತ್ತಾರೆ ಅನ್ನುವ ಭಯಕ್ಕೆ ಮಾತಿಗೂ ಮಾತಿಗೂ ನಡುವಿನ ಜಾಗವನ್ನೆಲ್ಲ ಕತ್ತರಿಸಿ ಹಾಕುತ್ತಾರೆ. ಮೊದಲ ಮಾತಿನ ನಗು ಗಂಟಲಲ್ಲಿರುವಾಗಲೇ ಮೂರನೆಯ ಮಾತು ಬಂದಿರುತ್ತದೆ. ಕೇಳುವವರ ಮುಖ ತೋರಿಸುವುದೇ ಇಲ್ಲ.

ಅವರಿಗೆ ನಾನು ಹೇಳುವುದು ಹಳೆಯ ಉಪಾಯ. 1935ರ ‘ಎ ನೈಟ್ ಅಟ್ ದಿ ಆಪೆರಾ’ ಸಿನಿಮಾ ತೆಗೆಯುವ ಮೊದಲು ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸೋದರರು ಅದರ ಹಾಸ್ಯದ ಸೀನುಗಳನ್ನು ಸ್ಟೇಜ್ ಮೇಲೆ ಊರೂರಲ್ಲಿ ಆಡಿ ನೋಡಿದರು. ಎಲ್ಲಿ ನಗು ಬಂತು, ಎಷ್ಟು ಹೊತ್ತು ಇತ್ತು ಅಂತ ಗಮನಿಸಿ, ಕ್ಯಾಮೆರಾ ಎದುರು ಅಷ್ಟೇ ಜಾಗ ಬಿಟ್ಟರು. ಇದಕ್ಕೆ ದೊಡ್ಡ ಬಂಡವಾಳ ಬೇಡ. ಶೂಟಿಂಗಿಗೆ ಮೊದಲು ಹಾಸ್ಟೆಲ್ ಹಾಲಿನಲ್ಲೋ, ಓಣಿಯ ಗಣಪತಿ ಪೆಂಡಾಲಿನಲ್ಲೋ, ಸ್ಕ್ರಿಪ್ಟನ್ನು ನಾಟಕದ ಹಾಗೆ ಒಮ್ಮೆ ಆಡಿ. ಗೆಳೆಯರಷ್ಟೇ ಇರಬಾರದು, ಅವರು ಮುಲಾಜಿಗೆ ನಗುತ್ತಾರೆ. ಹಿರಿಯರು, ಮಕ್ಕಳು, ಗುರುತಿಲ್ಲದವರು ಇರಲಿ. ಒಬ್ಬರು ಪಕ್ಕದಲ್ಲಿ ಕೂತು ಸ್ಕ್ರಿಪ್ಟಿನ ಮೇಲೆ ಗುರುತು ಹಾಕಲಿ, ಇಲ್ಲಿ ಜೋರು ನಗು, ಇಲ್ಲಿ ಬರೀ ಮುಗುಳ್ನಗೆ, ಇಲ್ಲಿ ಏನೂ ಇಲ್ಲ. ಏನೂ ಇಲ್ಲದ ಮಾತು ಎಷ್ಟೇ ಇಷ್ಟವಾಗಿದ್ದರೂ ತೆಗೆಯಿರಿ. ಶೂಟಿಂಗ್ ದಿನ ಎರಡು ಮೊಬೈಲ್ ಒಟ್ಟಿಗೆ ಓಡಲಿ. ಒಂದು ಮಾತಾಡುವವರ ಮೇಲೆ, ಇನ್ನೊಂದು ಕೇಳುವವರ ಮೇಲೆ. ಎಡಿಟಿಂಗ್ ಮಾಡುವಾಗ ಆ ಗುರುತಿನ ಹಾಳೆ ಪಕ್ಕದಲ್ಲಿರಲಿ. ಜೋರು ನಗು ಅಂತ ಇದ್ದ ಕಡೆ ಎರಡನೆಯ ಮೊಬೈಲಿನ ಮುಖಕ್ಕೆ ಹೋಗಿ, ಅವತ್ತು ಜನ ನಕ್ಕಷ್ಟು ಹೊತ್ತು ಅಲ್ಲೇ ಇರಿ.